ಕಪ್ಪು ಗೌರಾ, ಬಿಳಿ ಗೌರಾ

ನಮ್ಮ ಮನೆಯಲ್ಲಿ ಸಿನಿಮಾ ನಟರನ್ನು ಯಾರೂ ಅವರ ಹೆಸರಿನಿಂದ ಕರೆಯುತ್ತಿರಲಿಲ್ಲ. ಅವರಿಗೆ ಹೊಸ ಹೆಸರಿಡುತ್ತಿದ್ದವಳು ಆಯಿ, ನನ್ನ ಅಪ್ಪನ ತಾಯಿ. ಆಕೆ ಜನ್ಮದಲ್ಲಿ ಒಂದೇ ಸಲ ಹುಮನಾಬಾದಿನ ಟಾಕೀಜಿಗೆ ಹೋಗಿದ್ದಳು. ಪರದೆಯ ಮೇಲೆ ಬೇವಿನ ಗಿಡದಷ್ಟು ದೊಡ್ಡ ಮುಖ ಕಂಡು ಎದೆ ಹೊಡೆದುಕೊಂಡಿತೆಂದು ಅರ್ಧಕ್ಕೇ ಎದ್ದು ಬಂದವಳು ಮತ್ತೆಂದೂ ಹೋಗಲಿಲ್ಲ. ಆಮೇಲೆ ಆಕೆಯ ಸಿನಿಮಾ ತಿಳಿವಳಿಕೆಯೆಲ್ಲ ಕ್ಯಾಲೆಂಡರಿನ ಚಿತ್ರಗಳಿಂದ, ನಮ್ಮೂರು ಘಾಟಬೋರಾಳದ ಬಸ್ ನಿಲ್ಲುವ ಜಾಗದ ಗೋಡೆಗೆ ಹಚ್ಚುತ್ತಿದ್ದ ಪೋಸ್ಟರುಗಳಿಂದ ಮತ್ತು ನಮ್ಮ ಬಾಯಿಂದ ಬಂದದ್ದು. ಆದರೂ ಅಭಿಪ್ರಾಯಕ್ಕೇನೂ ಕೊರತೆ ಇರಲಿಲ್ಲ. ಕಾಕಾನ ಮೆಚ್ಚಿನ ನಟ ಆಕೆಗೆ 'ಮೀಸಿ ಹೀರೋ'. ಅವ್ವನ ಮೆಚ್ಚಿನ ನಟ 'ಸಣ್ಣ ದನಿಯಾಂವ'. ಎಲ್ಲ ಚಿತ್ರಗಳಲ್ಲೂ ತಂದೆಯಾಗಿ ಬಂದು ಕಡೆಗೆ ಅಳುತ್ತಿದ್ದ ಒಬ್ಬ ಮುದಿ ನಟ 'ನಮ್ಮ ಬೀಗ', ಏಕೆಂದರೆ ಆತನ ಮೂಗು ನಮ್ಮ ಸೋದರತ್ತೆಯ ಮಾವನ ಮೂಗಿನಂತೆಯೇ ಇತ್ತು. ಆತ ಯಾವ ಚಿತ್ರದಲ್ಲಿ ಸತ್ತರೂ ಆಯಿ ಒಂದು ಗಳಿಗೆ ಮಂಕಾಗುತ್ತಿದ್ದಳು.

ಮಣ್ಣಿನ ಮಾಳಿಗೆಯ ನಮ್ಮ ಮನೆ ದೊಡ್ಡದೇನಲ್ಲ. ಮುಂದೆ ಪಡಸಾಲೆ, ಒಳಗೆ ಅಡುಗೆಮನೆ, ಹಿತ್ತಲಲ್ಲಿ ಕುರಿದೊಡ್ಡಿ. ಪಡಸಾಲೆ ಮಲ್ಲಣ್ಣ ಕಾಕಾನ ರಾಜ್ಯ. ಅಪ್ಪನ ತಮ್ಮನಾದ ಆತನಿಗೆ ಇನ್ನೂ ಮದುವೆ ಆಗಿರಲಿಲ್ಲ. ಹಗಲೆಲ್ಲ ಕುರಿಗಳ ಹಿಂದೆ ಹೋಗಿ ಬಂದರೂ ಸಂಜೆ ಮುಖ ತೊಳೆದು ಮೀಸಿ ಹೀರೋನ ಹಾಗೆ ಮೀಸೆ ತೀಡಿ ಕೂದಲು ಬಾಚಿಕೊಳ್ಳದೆ ಊಟಕ್ಕೆ ಕೂರುತ್ತಿರಲಿಲ್ಲ. ಪಡಸಾಲೆಯ ಗೋಡೆಗೆ ಆ ನಟನ ಚಿತ್ರಗಳನ್ನು ಗೋಧಿಹಿಟ್ಟಿನ ಅಂಟಿನಿಂದ ಹಚ್ಚಿದ್ದ. ಮಳೆಗಾಲದಲ್ಲಿ ಗೋಡೆ ತೇವವಾಗಿ ಹೀರೋನ ಗಲ್ಲ ಉಬ್ಬಿಕೊಳ್ಳುತ್ತಿತ್ತು. ಅಡುಗೆಮನೆ ಅವ್ವನದು. ಅಲ್ಲಿನ ಒಂದು ಗೂಡಿನಲ್ಲಿ ಉಪ್ಪು, ಖಾರ, ಮತ್ತೊಂದರಲ್ಲಿ ಕಾದಂಬರಿ. ಅವ್ವನ ತವರು ಬಸವಕಲ್ಯಾಣ. ಅಲ್ಲಿ ಶಾಲೆ ಕಲಿತವಳು, ತವರಿಗೆ ಹೋದಾಗಲೆಲ್ಲ ಅಲ್ಲಿನ ಗ್ರಂಥಾಲಯದಿಂದ ಒಂದು ಪುಸ್ತಕ ತರುತ್ತಿದ್ದಳು. ಅಪ್ಪ ಯಾವ ಪಕ್ಷಕ್ಕೂ ಸೇರಿದವನಲ್ಲ. ಯಾವ ಚಿತ್ರದ ಬಗ್ಗೆ ಕೇಳಿದರೂ ಆತನದು ಒಂದೇ ಮಾತು: ಹಾಡು ಛಲೋ ಇದ್ದವು.

ನಾನಿನ್ನೂ ಸಣ್ಣವಳಿದ್ದಾಗ ಒಂದು ವರ್ಷ, ತೊಗರಿ ಮನೆಗೆ ಬಂದಿತ್ತು. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಕಾಳು ಹರವಿಕೊಂಡು ಆಯಿ ಮತ್ತು ನಾನು ಹಸನು ಮಾಡುತ್ತಿದ್ದೆವು. ಅವ್ವ ಕಂಬಕ್ಕೆ ಒರಗಿ ಕೂತು ಓದುತ್ತಿದ್ದಳು. ಅವ್ವ ಓದುವುದು, ನಾವು ಕೇಳುವುದು ನಮ್ಮ ಮನೆಯ ಪದ್ಧತಿ. ಆ ಸಲದ ಕಾದಂಬರಿ ಗೌರಾ ಎಂಬ ಹೆಣ್ಣುಮಗಳದು. ಗಂಡ ಸತ್ತ ಮೇಲೆ ಮೈದುನರು ಅವಳ ಕುರಿಗಳನ್ನು ಕಸಿದು ಊರು ಬಿಡಿಸಲು ನೋಡುತ್ತಾರೆ. ಅವಳು ಬಿಡುವುದಿಲ್ಲ. ಕೈಯಲ್ಲಿ ಕೋಲು ಹಿಡಿದು ಒಬ್ಬಳೇ ನಿಂತು ಕುರಿಗಳನ್ನು ಮರಳಿ ತರುತ್ತಾಳೆ. ಕತೆ ನಮ್ಮ ಹಿತ್ತಲಿನದೇ ಎನ್ನುವ ಹಾಗಿತ್ತು. ಕುರಿಗೆ ಕಾಲುಬೇನೆ ಬಂದ ಭಾಗವನ್ನು ಅವ್ವ ಓದಿದಾಗ ಆಯಿ ಕಾಳು ಬಿಟ್ಟು, "ಬೇವಿನ ಎಣ್ಣಿ ಹಚ್ಚು ಅನ್ನು ಆಕಿಗಿ" ಎಂದಿದ್ದಳು.

ಆ ಪುಸ್ತಕದಲ್ಲಿ ಗೌರಾ ಕಪ್ಪು. ಮಳೆ ಬಿದ್ದ ಎರೆ ಹೊಲದಂಥ ಮೈಬಣ್ಣ ಎಂದು ಮೊದಲ ಪುಟಗಳಲ್ಲೇ ಬರುತ್ತದೆ. ಅವ್ವ ಆ ಸಾಲು ಓದಿದ ಕೂಡಲೇ ಆಯಿ ತಲೆ ಎತ್ತಿ ನನ್ನನ್ನು ನೋಡಿದಳು.

"ನಮ್ಮ ಶಾಂತಿ ಹಂಗ ಅನ್ನು."

"ಹೌದ್ರಿ ಅತ್ತಿ, ಬರೋಬರಿ ಶಾಂತಿ ಹಂಗ," ಎಂದಳು ಅವ್ವ.

ಅಲ್ಲಿಯವರೆಗೆ ನನ್ನ ಬಣ್ಣದ ಮಾತು ಬಂದರೆ ಅದರ ಹಿಂದೆ ಒಂದು ನಿಟ್ಟುಸಿರು ಇರುತ್ತಿತ್ತು. ಬಿಸಿಲಲ್ಲಿ ತಿರುಗಬೇಡ, ಮುಖಕ್ಕೆ ಕಡಲೆಹಿಟ್ಟು ಹಚ್ಚಿಕೋ, ಇವಳಿಗೆ ಹಸಿರು ಲಂಗ ಒಪ್ಪುವುದಿಲ್ಲ. ಮನೆಯವರಿಗಿಂತ ನೆಂಟರು ಹೆಚ್ಚು ಹೇಳುತ್ತಿದ್ದರು, ಆದರೆ ನನ್ನ ಕಿವಿಗೆ ಎಲ್ಲ ಒಂದೇ. ಆ ಮಧ್ಯಾಹ್ನ ಮೊದಲ ಬಾರಿಗೆ ಆ ಮಾತು ನಿಟ್ಟುಸಿರಿಲ್ಲದೆ ಬಂತು. ಕೋಲು ಹಿಡಿದು ನಿಲ್ಲುವ ಹೆಂಗಸಿಗೆ ನನ್ನ ಬಣ್ಣವಿತ್ತು. ಆ ಸುಗ್ಗಿಯೆಲ್ಲ ನಾನು ಹಿತ್ತಲಿಗೆ ಹೋಗಿ ಕೋಲು ಹಿಡಿದು ಕುರಿಗಳ ಎದುರು ನಿಲ್ಲುತ್ತಿದ್ದೆ. ಕುರಿಗಳು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, ಅದು ಬೇರೆ ಮಾತು.

ಮರುವರ್ಷ ಆ ಕಾದಂಬರಿ ಸಿನಿಮಾ ಆಗಿ ಹುಮನಾಬಾದಿಗೆ ಬಂತು. ಸುದ್ದಿ ತಂದವನು ಕಾಕಾ. ಕುರಿ ಸಂತೆಯಿಂದ ಬಂದವನೇ, ಚಪ್ಪಲಿ ಸಹ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತಿಗೆಯನ್ನು ಕೂಗಿದ.

"ವೈನಿ, ನಿಮ್ಮ ಗೌರಾನ ಪಿಚ್ಚರ್ ಬಂದದ್ರಿ! ಹೀರೋ ಯಾರಂತೀರಿ? ನಮ್ಮಾಂವ!"

"ಆ ಪುಸ್ತಕದಾಗ ಹೀರೋ ಎಲ್ಲಿಂದ ಬಂದ?" ಎಂದಳು ಅವ್ವ.

ಮರುದಿನವೇ ಅಪ್ಪ, ಅವ್ವ, ಕಾಕಾ, ನಾನು ಮಧ್ಯಾಹ್ನದ ಆಟಕ್ಕೆ ಹೊರಟೆವು. ಅವ್ವ ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ಹೆಂಗಸರ ಕಡೆಯ ಬೆಂಚಿನಲ್ಲಿ ಆಕೆಯ ಪಕ್ಕ ಕೂತು ಗೌರಾ ಬರುವುದನ್ನು ಕಾಯುತ್ತಿದ್ದೆ. ಮೊದಲು ಕುರಿಗಳು ಬಂದವು. ಆಮೇಲೆ ಹಾಲಿನಂಥ ಬಿಳಿ ಹೆಂಗಸೊಬ್ಬಳು ಬಂದಳು. ಇವಳು ಗೌರಾನ ಗೆಳತಿ ಇರಬೇಕು ಎಂದುಕೊಂಡೆ. ಯಾರೋ ಅವಳನ್ನು "ಗೌರಾ" ಎಂದು ಕೂಗಿದರು, ಅವಳು ತಿರುಗಿದಳು. ಅವಳು ತಿಳಿ ಗುಲಾಬಿ ಸೀರೆಯಲ್ಲಿ ದೊಡ್ಡಿಯಲ್ಲಿ ಹಾಡಿದಳು. ರೊಟ್ಟಿ ಬಡಿದಳು. ಅವ್ವ ನನ್ನ ಕಿವಿಯಲ್ಲಿ, "ಹಿಂಗ ಬಡದ್ರ ರೊಟ್ಟಿ ಹರೀತದ" ಎಂದಳು. ಪುಸ್ತಕದಲ್ಲಿ ಎರಡು ಹಾಳೆಯಲ್ಲಿ ಬಂದು ಹೋಗುವ ಶಾಲೆ ಮಾಸ್ತರ ಇಲ್ಲಿ ಮೀಸಿ ಹೀರೋ ಆಗಿದ್ದ. ಮೊದಲ ಸಲ ಕುರಿ ಕಸಿಯಲು ಬಂದ ಮೈದುನರನ್ನು ಆತನೇ ಹೊಡೆದು ಕೆಡವಿದ, ಗೌರಾ ಬಾಗಿಲ ಹಿಂದೆ ನಿಂತು ನೋಡಿದಳು. ಗಂಡಸರ ಕಡೆಯಿಂದ ಸೀಟಿ ಕೇಳಿತು. ಅದರಲ್ಲಿ ಒಂದು ಕಾಕಾನದೆಂದು ನನಗೆ ಗೊತ್ತಿತ್ತು. ನಾನು ಕಣ್ಣು ಮುಚ್ಚಿ, ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ, ಉಳಿದ ಚಿತ್ರವನ್ನು ಬರೀ ಕೇಳಿಸಿಕೊಂಡೆ.

ಊರಿಗೆ ಮರಳುವ ಬಸ್ಸಿನಲ್ಲಿ ಅರ್ಧ ಜನ ಅದೇ ಆಟ ನೋಡಿ ಬಂದವರು. ಕಾಕಾನ ಉಮೇದು ಇನ್ನೂ ಇಳಿದಿರಲಿಲ್ಲ. ಹೊಡೆದಾಟವನ್ನು ಕೈ ಬೀಸಿ ಬೀಸಿ ಹೇಳುತ್ತಿದ್ದ. ನನ್ನ ಬಾಯಿಂದ ಮಾತು ತಾನಾಗಿಯೇ ಹೊರಬಿತ್ತು.

"ಆಕಿ ಗೌರಾ ಅಲ್ಲ."

ನಾನು ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವ ಹುಡುಗಿ ಆಗಿರಲಿಲ್ಲ. ಪಕ್ಕದ ಸೀಟಿನಲ್ಲಿ ಬಳೆಬುಟ್ಟಿ ಇಟ್ಟುಕೊಂಡು ಕೂತಿದ್ದ, ಎಲ್ಲರೂ ಖಾಲಾ ಎನ್ನುತ್ತಿದ್ದ ಬಳೆಗಾರ್ತಿ ನನ್ನ ಕಡೆ ತಿರುಗಿದಳು.

"ಯಾಕ ಬೇಟಿ? ಎಷ್ಟ ಖೂಬಸೂರತ್ ಅದಾಳ!"

"ಗೌರಾ ಕಪ್ಪ ಇದ್ಲು. ಪುಸ್ತಕದಾಗ."

"ಕುರಿ ಕಾಯೋರು ಅಷ್ಟು ಬೆಳ್ಳಗ ಎಲ್ಲಿ ಇರ್ತಾರ, ಹುಡುಗಿ ಖರೆ ಅಂತಾಳ," ಎಂದ ಟಿಕೀಟು ಹರಿಯುತ್ತಿದ್ದ ಕಂಡಕ್ಟರ್.

"ಬಿಸಲಾಗ ಬಿಟ್ರ ಮೂರ ದಿನಕ್ಕ ಸುಟ್ಟ ಹೋಗ್ತಾಳ," ಎಂದು ಹಿಂದಿನಿಂದ ಯಾರೋ ಅಂದರು. ಬಸ್ಸೆಲ್ಲ ನಕ್ಕಿತು. ಒಬ್ಬರು ಹೀರೋನ ಪಕ್ಷ, ಒಬ್ಬರು ಹೀರೋಯಿನ್ ಪಕ್ಷ. ಅಪ್ಪ ಹಾಡು ಛಲೋ ಇದ್ದವು ಎಂದ. ನನಗೂ ನಗು ಬಂತು, ಧೈರ್ಯ ಬಂತು. ಆಗ ಕಾಕಾ, ನಗುನಗುತ್ತಲೇ, ಅವ್ವನಿಗೆ ಹೇಳಿದ:

"ಕಪ್ಪನಾಕಿನ್ನ ನೋಡ್ಲಾಕ ಟಾಕೀಜಿಗಿ ಯಾರ್ ಬರ್ತಾರ್ರಿ ವೈನಿ?"

ನಾನು ಮುಂದಿನ ಸೀಟಿನ ಕಂಬಿ ಹಿಡಿದಿದ್ದೆ. ನನ್ನ ಕೈಯೇ ನನಗೆ ಕಾಣುತ್ತಿತ್ತು. ಅದನ್ನು ತೆಗೆದು ಲಂಗದ ಮಡಿಕೆಯಲ್ಲಿ ಇಟ್ಟುಕೊಂಡೆ. ಅವ್ವ ಅದನ್ನು ನೋಡಿದಳು.

ನಮ್ಮ ಮನೆಯಲ್ಲಿ ಜಗಳವೆಂದರೆ ಕೂಗಾಟವಲ್ಲ, ತಾಟಿನ ಮುಂದಿನ ಮೌನ. ಅವ್ವ ಬಡಿಸುವಾಗ ಪ್ರತಿಯೊಬ್ಬರನ್ನೂ "ಇನ್ನೊಂದು ಹಾಕ್ಲಾ?" ಎಂದು ಕೇಳುತ್ತಿದ್ದಳು. ಆ ರಾತ್ರಿ ಕಾಕಾನನ್ನು ಕೇಳಲಿಲ್ಲ. ಕೇಳದೆ ಹಾಕಿಸಿಕೊಳ್ಳುವವನಲ್ಲ ಆತ, ಅರೆಹೊಟ್ಟೆಯಲ್ಲಿ ಎದ್ದ. ಆಯಿ ಎಲ್ಲರ ಮುಖ ನೋಡಿದಳು.

"ಏನಾಗ್ಯಾದ ಈ ಮನ್ಯಾಗ?"

"ಪಿಚ್ಚರ್ ನೋಡಿ ಬಂದಾರ," ಎಂದ ಅಪ್ಪ.

"ನಮ್ಮ ಬೀಗ ಸತ್ನೇನು?"

ಯಾರೂ ನಗಲಿಲ್ಲ. ಹೀಗೇ ಎಷ್ಟೋ ದಿನ ನಡೆಯಿತು. ಅವ್ವ ಮಧ್ಯಾಹ್ನದ ಓದು ನಿಲ್ಲಿಸಿದಳು, ಗೂಡಿನಲ್ಲಿದ್ದ ಪುಸ್ತಕ ಹಾಗೇ ಇತ್ತು. ಕಾಕಾನಿಗೆ ತಾನು ಮಾಡಿದ್ದೇನೆಂದು ನಿಜಕ್ಕೂ ತಿಳಿದಿರಲಿಲ್ಲ. ಪೇಟೆಗೆ ಹೋದಾಗ ನನಗೆ ಬತ್ತಾಸು ತಂದ. ನಾನು ಇಸಿದುಕೊಂಡೆ, ಮಾತಾಡಲಿಲ್ಲ. ಆತ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ನನ್ನ ಮೌನಕ್ಕೆ ಏನು ಮಾಡಬೇಕೆಂದು ತಿಳಿಯದೆ ಪಡಸಾಲೆಯಲ್ಲಿ ಸುಮ್ಮನೆ ಕೂದಲು ಬಾಚಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಬಸವಕಲ್ಯಾಣದಿಂದ ಕಾಕಾನಿಗೆ ಒಂದು ಸಂಬಂಧ ಬಂತು. ಅವ್ವನ ತವರು ಮನೆಯ ಓಣಿಯದೇ ಹುಡುಗಿ, ಸುಮಿತ್ರಾ ಅಂತ. ಹುಡುಗಿ ನೋಡಲು ಕಾಕಾ, ಅಪ್ಪ, ಅವ್ವನ ಜೊತೆ ನನ್ನನ್ನೂ ಕರೆದೊಯ್ದರು. ಚಾಪೆಯ ಮೇಲೆ ಕೂತಿದ್ದೆವು. ಒಳಗೆ ಒಗ್ಗರಣೆಯ ವಾಸನೆ. ಹುಡುಗಿ ಅವಲಕ್ಕಿಯ ತಾಟು ಹಿಡಿದು ಬಂದಳು. ಅವಳು ನನಗಿಂತ ಕಪ್ಪಾಗಿದ್ದಳು. ನಾನು ಅವಳನ್ನು ಬಿಟ್ಟು ಕಾಕಾನ ಮುಖವನ್ನೇ ನೋಡತೊಡಗಿದೆ. ಆತ ಅವಲಕ್ಕಿ ನೋಡುತ್ತಿದ್ದ. ಹಿರಿಯರು ಕೇಳುವುದನ್ನೆಲ್ಲ ಕೇಳಿ ಮುಗಿಸಿದರು. ಹುಡುಗನಿಗೆ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದ ಅವಳ ಅಪ್ಪ. ಕಾಕಾನಿಗೆ ಬೇರೇನೂ ಹೊಳೆಯಲಿಲ್ಲ.

"ಪಿಚ್ಚರ್ ನೋಡ್ತೀರೇನ್ರಿ?"

"ನೋಡ್ತೀನ್ರಿ. ಹೋದ ತಿಂಗಳ ಹುಮನಾಬಾದಕ್ಕ ಹೋಗಿ ಗೌರಾನ ಪಿಚ್ಚರ್ ನೋಡಿ ಬಂದೀವ್ರಿ."

ಕಾಕಾನ ಮುಖ ಅರಳಿತು. "ಹೌದಾ! ಹೀರೋ ಹ್ಯಾಂಗ ಮಾಡ್ಯಾನ್ರಿ?"

"ಆಂವ ಅದರಾಗ ಯಾಕ ಬಂದ ಅಂತನೇ ನನಗ ತಿಳಿಲಿಲ್ಲ ನೋಡ್ರಿ."

ಅವಳ ಅವ್ವ ಹಿಂದಿನಿಂದ ಅವಳ ಸೆರಗು ಜಗ್ಗಿದಳು. ಆದರೆ ನಮ್ಮ ಅವ್ವ ನಕ್ಕುಬಿಟ್ಟಳು. ಎಷ್ಟೋ ದಿನಗಳಿಂದ ನಾನು ಆ ನಗು ಕೇಳಿರಲಿಲ್ಲ. ಹೆಣ್ಣು ನೋಡಲು ಬಂದವರು ಹಾಗೆ ನಗಬಾರದೆಂದು ಬಾಯಿಗೆ ಸೆರಗು ಹಿಡಿದರೂ ನಗು ನಿಲ್ಲಲಿಲ್ಲ. "ಪುಸ್ತಕ ಓದೀರೇನು?" ಎಂದು ಕೇಳಿದಳು. ಓದಿದ್ದಳು. ಅದೇ ಗ್ರಂಥಾಲಯದ ಅದೇ ಪುಸ್ತಕ.

ಕಾಕಾ ಪೆಚ್ಚಾಗಿ ನನ್ನ ಕಡೆ ಕೈ ಮಾಡಿದ. "ನಮ್ಮ ಶಾಂತಿಗೂ ಸೇರಿಲ್ರಿ ಆ ಪಿಚ್ಚರ್."

ಸುಮಿತ್ರಾ ನನ್ನ ಕಡೆ ಪೂರ್ತಿ ತಿರುಗಿ ಕೂತಳು. ಹಿರಿಯರೆಲ್ಲ ಅಲ್ಲಿ ಇಲ್ಲವೇನೋ ಎಂಬಂತೆ ಕೇಳಿದಳು:

"ಯಾಕವ್ವ, ನಿನಗ ಏನ್ ಅನಿಸ್ತು?"

ಅಲ್ಲಿಯವರೆಗೆ ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ.

"ಗೌರಾ ಕಪ್ಪ ಇರಬೇಕಿತ್ರಿ."

"ಇರಬೇಕಿತ್ತು. ನನಗೂ ಹೊಟ್ಟಿ ಉರೀತು ನೋಡು. ಆದ್ರ ಆಕಿ ದೊಡ್ಡಿ ಬಾಗ್ಲಾ ಹಾಕಿದ್ದು ನೋಡ್ದೇನು ನೀ?"

ನೋಡಿಲ್ಲ ಎಂದು ತಲೆಯಾಡಿಸಿದೆ.

"ಮೈದನ್ರು ಕುರಿ ಎಲ್ಲಾ ಹೊಡ್ಕೊಂಡ ಹೋದ್ರು. ಒಳಗ ಒಂದ ಮರಿನೂ ಇಲ್ಲ. ಆದ್ರೂ ಹೋಗಿ ಬಾಗ್ಲಾ ಹಾಕಿದ್ಲು. ಅದು ಪುಸ್ತಕದಾಗ ಇಲ್ಲ ನೋಡು. ನನಗ ಆಗ ಅಳು ಬಂತು."

ಮರಳುವ ಬಸ್ಸಿನಲ್ಲಿ ನಾನು ಅವ್ವನ ಪಕ್ಕ ಕೂತಿದ್ದೆ. ಕಾಕಾ ಕಿಟಕಿಯಿಂದ ಕಬ್ಬಿನ ಹೊಲಗಳನ್ನು ನೋಡುತ್ತಿದ್ದ. ಆತ ಬೇಡ ಎಂದರೆ ನಾನು ಇನ್ನೆಂದೂ ಮಾತಾಡುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಿದ್ದೆ. ಕಡೆಗೆ ಆತನೇ ಕೇಳಿದ.

"ವೈನಿ, ನಿಮಗ ಹ್ಯಾಂಗ ಅನಿಸ್ತ್ರಿ ಹುಡುಗಿ?"

"ನಮಗೇನ್ ಕೇಳ್ತೀರಿ ಮಲ್ಲಣ್ಣ. ಕಪ್ಪನಾಕಿನ್ನ ನೋಡ್ಲಾಕ ಯಾರ್ ಬರ್ತಾರಂತ ನೀವೇ ಅಂದಿದ್ರಿ."

ಕಾಕಾ ನಗಲು ಹೋಗಿ ನಿಲ್ಲಿಸಿದ. ಅವ್ವನನ್ನು ನೋಡಿದ, ಆಮೇಲೆ ನನ್ನನ್ನು. ನನ್ನ ಮುಖದ ಮೇಲೆ ಆತನ ಕಣ್ಣು ಬಹಳ ಹೊತ್ತು ನಿಂತಿತು.

"ಶಾಂತಿ, ನಿನ್ನ ಎದುರಿಗೇ ಅಂದ್ನ್ಯಾ ನಾ?"

"ಹೂಂ."

"ನಾ ಪಿಚ್ಚರ್ ಮಾತಾಡಾಕತ್ತೀನಿ ಅಂತ ತಿಳ್ಕೊಂಡಿದ್ದೆ. ನಿನ್ನ ಮಾತು ಆಡಾಕತ್ತೀನಂತ ನನಗ ಹೊಳೀಲೇ ಇಲ್ಲ."

ಆತ ಎದ್ದು ತನ್ನ ಕಿಟಕಿಯ ಜಾಗಕ್ಕೆ ನನ್ನನ್ನು ಕೂರಿಸಿದ. ಸ್ವಲ್ಪ ದೂರ ಹೋದ ಮೇಲೆ ಅವ್ವನ ಕಡೆ ಬಾಗಿ ಹೇಳಿದ: "ನಮ್ಮ ಕಡಿಂದ ಹೂಂ ಅಂತ ಹೇಳಿ ಕಳಸ್ರಿ. ಆಕಿ ಹೂಂ ಅಂತಾಳೋ ಇಲ್ಲೋ, ಅದು ಕೇಳ್ರಿ ಮೊದಲ. ನಮ್ಮ ಹೀರೋ ಆಕಿಗಿ ಸೇರಂಗಿಲ್ಲ." ಅಪ್ಪ ಕೂತಲ್ಲಿಂದಲೇ, "ಅವಲಕ್ಕಿ ಛಲೋ ಇತ್ತು" ಎಂದ. ಆ ರಾತ್ರಿ ಅವ್ವ ಕಾಕಾನ ತಾಟಿನ ಮುಂದೆ ನಿಂತು "ಇನ್ನೊಂದು ಹಾಕ್ಲಾ?" ಎಂದಳು. ಆತ ಬೇಡ ಎನ್ನಲೇ ಇಲ್ಲ.

ಸುಮಿತ್ರಾ ಕಾಕಿ ನಮ್ಮ ಮನೆಗೆ ಬಂದಾಗ ಸೀರೆಗಳ ಟ್ರಂಕಿನ ಜೊತೆ ತನ್ನ ಅಭಿಪ್ರಾಯಗಳನ್ನೂ ತಂದಳು. ಮಧ್ಯಾಹ್ನದ ಓದು ಮತ್ತೆ ಶುರುವಾಯಿತು. ಒಂದು ದಿನ ಅವ್ವ, ಒಂದು ದಿನ ಕಾಕಿ ಓದುತ್ತಿದ್ದರು. ಕಾಕಿ ನಡುವೆ ನಿಲ್ಲಿಸಿ, ಈ ಪಾತ್ರಕ್ಕೆ ಯಾರು ಸರಿ ಎಂದು ಕೇಳುತ್ತಿದ್ದಳು. ಆಯಿ ಎಲ್ಲ ಅಪ್ಪಂದಿರ ಪಾತ್ರವನ್ನೂ ನಮ್ಮ ಬೀಗನಿಗೆ ಕೊಡುತ್ತಿದ್ದಳು. ಗೋಡೆಯ ಮೇಲಿನ ಮೀಸಿ ಹೀರೋನನ್ನು ಕಾಕಿ ಕೀಳಲಿಲ್ಲ. ಆದರೆ ಕಾಕಾ ಕನ್ನಡಿ ಮುಂದೆ ನಿಂತಾಗ, "ಆಂವಗ ಮೀಸಿ ಒಪ್ತದ, ನಿಮಗ ಮೀಸಿ ಇಲ್ಲದಿದ್ರ ಒಪ್ತದ" ಎಂದಳು. ಮರುದಿನ ಕಾಕಾ ಬೋಳು ತುಟಿಯಲ್ಲಿ ಊಟಕ್ಕೆ ಕೂತ. ಆಯಿ ಒಂದು ಕ್ಷಣ ಆತನ ಗುರುತು ಹಿಡಿಯಲಿಲ್ಲ.

ಆ ಪಂಚಮಿಗೆ ಕಾಕಿಯ ತವರಿಗೆ ಹೋದಾಗ ಗೌರಾನ ಚಿತ್ರ ಬಸವಕಲ್ಯಾಣದಲ್ಲಿ ಓಡುತ್ತಿತ್ತು. ಕಾಕಿ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಹೋದಳು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಬಿಳಿ ಗೌರಾ ಮತ್ತೆ ಹಾಡಿದಳು, ರೊಟ್ಟಿ ಬಡಿದಳು, ಅವ್ವ ಮತ್ತೆ "ಹರೀತದ" ಎಂದಳು. ಆಮೇಲೆ ಮೈದುನರು ಮತ್ತೆ ಬಂದು ಕುರಿಗಳನ್ನು ಹೊಡೆದುಕೊಂಡು ಹೋದರು. ದೂಳು ಇಳಿಯಿತು. ಅವಳು ಖಾಲಿ ದೊಡ್ಡಿಯ ಎದುರು ನಿಂತಿದ್ದಳು. ಹಿಂದೆ ಹಾಡಿಲ್ಲ, ಮಾತಿಲ್ಲ. ತಡಿಕೆಯ ಬಾಗಿಲನ್ನು ನಿಧಾನಕ್ಕೆ ಎಳೆದಳು, ಹಗ್ಗವನ್ನು ಗೂಟಕ್ಕೆ ಸುತ್ತಿದಳು, ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂದು ಒಮ್ಮೆ ಜಗ್ಗಿ ನೋಡಿದಳು. ಕಾಕಾ ದಿನಾ ಸಂಜೆ ನಮ್ಮ ಹಿತ್ತಲಲ್ಲಿ ಹಾಗೇ ಜಗ್ಗಿ ನೋಡುತ್ತಿದ್ದ. ಕಾಕಿ ಕತ್ತಲಲ್ಲಿ ನನ್ನ ಕೈ ಹಿಡಿದಳು. ನಮ್ಮಿಬ್ಬರ ಕೈಗಳಲ್ಲಿ ಯಾವುದು ಯಾರದು ಎಂದು ಕಾಣುತ್ತಿರಲಿಲ್ಲ.

ನನ್ನ ಅಭಿಪ್ರಾಯ ಬದಲಾಗಲಿಲ್ಲ. ಆ ಪಾತ್ರಕ್ಕೆ ಆ ಬಣ್ಣ ತಪ್ಪು ಎಂದು ಇವತ್ತಿಗೂ ಹೇಳುತ್ತೇನೆ. ಆದರೆ ಆ ನಟಿಯ ಮೇಲಿನ ಸಿಟ್ಟು ಹೋಗಿತ್ತು. ಅವಳನ್ನು ಒಪ್ಪಲಾರೆ, ಅವಳು ಮಾಡಿದ್ದನ್ನು ಮರೆಯಲಾರೆ. ಎರಡೂ ಒಂದೇ ಮನಸ್ಸಿನಲ್ಲಿ ಜಗಳವಿಲ್ಲದೆ ಕೂರಬಹುದೆಂದು ಆ ಬೆಂಚಿನ ಮೇಲೆ ನನಗೆ ತಿಳಿಯಿತು. ಮುಂದೆ ಮನುಷ್ಯರ ವಿಷಯದಲ್ಲೂ ಆ ತಿಳಿವಳಿಕೆ ಬಹಳ ಉಪಯೋಗಕ್ಕೆ ಬಂದಿದೆ. ಈಗ ನಾನು ಬಸವಕಲ್ಯಾಣದಲ್ಲೇ ಇದ್ದೇನೆ. ಯಾವುದೋ ಕಾದಂಬರಿ ಮೊಬೈಲಿನಲ್ಲಿ ಸರಣಿಯಾಗಿ ಬಂದರೆ ಘಾಟಬೋರಾಳದಿಂದ ಕಾಕಿಯ ಫೋನು ಬರುತ್ತದೆ. ಕಣ್ಣಿನ ಆಪರೇಷನ್ ಆದ ಮೇಲೆ ಆಕೆ ಇನ್ನೂ ಖಡಕ್ಕಾಗಿದ್ದಾಳೆ. "ನೀ ಮೂರನೇ ಕಂತು ಬರೋಬರಿ ನೋಡಿಲ್ಲ, ಇನ್ನೊಮ್ಮೆ ನೋಡು" ಎಂದು ಬೈದು ಇಡುತ್ತಾಳೆ. ನಾನು ಇನ್ನೊಮ್ಮೆ ನೋಡುತ್ತೇನೆ.

ಆ ಪಂಚಮಿಯಲ್ಲಿ ನಾವು ಊರಿಗೆ ಮರಳಿದಾಗ ಇನ್ನೂ ಸಂಜೆಯ ಬೆಳಕಿತ್ತು. ಆಯಿ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವ್ವ ಒಲೆ ಹೊತ್ತಿಸಲು ಒಳಗೆ ಹೋದಳು, ಕಾಕಿ ನೀರಿಗೆ ಹೋದಳು. ಯಾರು ಸಿನಿಮಾ ನೋಡಿ ಬಂದರೂ ಆಯಿಗೆ ಕತೆ ಹೇಳಲೇಬೇಕಿತ್ತು. ಆವರೆಗೆ ಅದು ಅವ್ವನ ಕೆಲಸ, ಇಲ್ಲವೇ ಕಾಕಾನದು. ಅವತ್ತು ಆಕೆ ನನ್ನನ್ನೇ ಕರೆದಳು.

"ಶಾಂತಿ, ಬಾ ಇಲ್ಲಿ. ಗೌರಾನ ಕತಿ ಹೇಳು. ಪುಸ್ತಕದ್ದು ಹೇಳ್ತ್ಯೋ, ಪಿಚ್ಚರದು ಹೇಳ್ತ್ಯೋ? ಎರಡೂ ಕೇಳೀನಿ ನಾ."

ನಾನು ಸ್ವಲ್ಪ ಯೋಚಿಸಿದೆ.

"ನಂದು ಹೇಳ್ತೀನಿ ಆಯಿ."

ಆಯಿ ಬೆಳ್ಳುಳ್ಳಿಯ ಮೊರವನ್ನು ಬದಿಗೆ ಸರಿಸಿ, ಸೀರೆಯ ಮೇಲಿನ ಸಿಪ್ಪೆ ಕೊಡವಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಹೇಳು ಮತ್ತ. ಜರಾ ಜೋರಾಗಿ ಹೇಳು, ಒಳಗ ನಿಮ್ಮವ್ವಗೂ ಕೇಳಲಿ."